ಕೊಸರಿಗೆ ಜಾಗವಿಲ್ಲದ ಅಂಗಡಿ

ನೂರು ಹಪ್ಪಳ ಕೊಂಡವರಿಗೆ ಮೇಲೆ ಐದು ಕೊಸರು ಹಾಕುವುದು ನನ್ನ ದೊಡ್ಡಮ್ಮನ ಪದ್ಧತಿ. ಕೋಣಂದೂರು ಸಂತೆಯಲ್ಲಿ ಕೂತು ಹಲಸಿನ ಹಪ್ಪಳ ಮಾರುತ್ತಿದ್ದಾಗಿನಿಂದಲೂ ಅದು ತಪ್ಪಿಲ್ಲ. ಮೊಣಕಾಲು ಕೈಕೊಟ್ಟು ಸಂತೆಗೆ ಹೋಗಲಾಗದಾದಾಗ ಅವಳು ಮಂಕಾಗಿಬಿಟ್ಟಳು. ಅದನ್ನು ನೋಡಲಾಗದೆ ನಾನು ಸಾಗರದ ನನ್ನ ಮನೆಯಿಂದ ಅವಳಿಗೊಂದು ವೆಬ್‌ಸೈಟ್ ತೆರೆದೆ. ಹಪ್ಪಳದ ಕಟ್ಟುಗಳು ಬಸ್ಸಿನಲ್ಲಿ ಬರುತ್ತಿದ್ದವು, ನಾನು ಡಬ್ಬಕ್ಕೆ ತುಂಬಿ ಕೊರಿಯರ್‌ಗೆ ಕೊಡುತ್ತಿದ್ದೆ.

ಮೊದಲ ಡಬ್ಬಗಳು ಹೋದ ದಾರಿಯಲ್ಲೇ ವಾಪಸ್ ಬಂದವು. ಬಿಚ್ಚಿದರೆ ಹಪ್ಪಳವೆಲ್ಲ ಓಡಾಟದಲ್ಲಿ ಪುಡಿ. ಲೇಬಲ್ ಮೇಲೆ ಮುದ್ರಿಸಿದ ತೂಕವೇ ಬೇರೆ, ಡಬ್ಬದ ತೂಕವೇ ಬೇರೆ ಎಂದು ಕೊರಿಯರ್‌ನವರ ತಕರಾರು. ಲೇಬಲ್ ಬರೆಯುತ್ತಿದ್ದುದು ಅಂತರ್ಜಾಲದಲ್ಲಿ ನನಗೆ ಪುಕ್ಕಟೆ ಸಿಕ್ಕಿದ, ವೆಬ್‌ಸೈಟಿನ ಬಿಲ್ಲು ಲೇಬಲ್ಲುಗಳನ್ನು ನೋಡಿಕೊಳ್ಳುವ ಅಂಗಡಿ ಮಾಡ್ಯೂಲ್. ಅದಕ್ಕೆ ನೂರು ಹಪ್ಪಳದ ತೂಕ ಗೊತ್ತು, ಕೊಸರು ಗೊತ್ತಿಲ್ಲ.

ದೊಡ್ಡಮ್ಮನಿಗೆ ಫೋನ್ ಮಾಡಿ, ಕೊಸರು ಬಿಟ್ಟರೆ ಆಗದೇ ಎಂದು ಕೇಳಿದೆ.

"ಹಂಗಾರೆ ನಿನ್ನ ಕಂಪ್ಯೂಟರ್ ಅಂಗಡಿನೇ ಬ್ಯಾಡ ಮಾರಾಯ್ತಿ," ಅಂದಳು. "ಕೊಸರಿಲ್ದೆ ಕೊಟ್ಟು ನಂಗೆ ಅಭ್ಯಾಸ ಇಲ್ಲ. ಹಪ್ಪಳ ಮಾಡದೇ ಬಿಟ್ರಾಯ್ತು."

ಹೇಳಿದಂತೆ ಬಿಟ್ಟೇಬಿಡುವವಳು ಅವಳು. ನಾನೇ ಕಟ್ಟು ಬಿಚ್ಚಿ ಐದು ತೆಗೆದಿಟ್ಟಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಅಂಥ ಕಳ್ಳತನ ನನ್ನ ಕೈಲಾಗದು. ಮಾಡ್ಯೂಲ್‌ನಲ್ಲಿ ಉಚಿತ ವಸ್ತು ಸೇರಿಸುವ ಸೌಲಭ್ಯವೊಂದಿತ್ತು. 'ಕೊಸರು, ಐದು ಹಪ್ಪಳ, ಉಚಿತ' ಎಂದು ಬಿಲ್ಲಿನಲ್ಲಿ ಬರುವಂತೆ ಮಾಡಿ, ಹೆಮ್ಮೆಯಿಂದ ಅದರ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಬರ್ದು ಕೊಟ್ರೆ ಅದು ಕೊಸರೇನೆ? ಅದು ಲೆಕ್ಕ ಆಯ್ತು. ತಗಂಡೋರು ಮನೆಗೆ ಹೋಗಿ ನೋಡ್ಬೇಕು, ಆಗ ಕೊಸರು."

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ಅವಳು ಹೇಳಿದ್ದು ಸರಿಯಾಗಿತ್ತಲ್ಲ ಎಂದು. ಬಿಲ್ಲಿಗೆ ಕಾಣಬಾರದು, ಲೇಬಲ್ಲಿಗೆ ಮಾತ್ರ ಗೊತ್ತಿರಬೇಕು. ಹಾಗೆ ಮಾಡಲು ಒತ್ತುವ ಗುಂಡಿ ಮಾಡ್ಯೂಲ್‌ನ ಯಾವ ಪುಟದಲ್ಲೂ ಇರಲಿಲ್ಲ. ಮಾಡ್ಯೂಲ್ ಬರೆದವರಿಗೆ ಪತ್ರ ಹಾಕಿದೆ, ಉತ್ತರವಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ. ನಾನು ಬಾಯಿಗೇ ಕೈ ಹಾಕಿದೆ.

ಮಾಡ್ಯೂಲ್‌ನ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನೇ ಹುಡುಕಿ ಇಳಿಸಿಕೊಂಡೆ. ನಡುನಡುವೆ ಬರೆದಿದ್ದ ವಿವರಣೆಗಳೆಲ್ಲ ನಾನು ಕಂಡು ಕೇಳರಿಯದ ಭಾಷೆಯಲ್ಲಿದ್ದವು. ತೂಕ ಎಂಬರ್ಥದ ಇಂಗ್ಲಿಷ್ ಪದ ಹಿಡಿದು ಒಂದೊಂದೇ ಫೈಲ್ ಜಾಲಾಡಿದೆ. ಒಂದು ಕಡೆ ತಿದ್ದಿದೆ, ಇಡೀ ಅಂಗಡಿಯೇ ಮಾಯವಾಗಿ ಬಿಳಿ ಪುಟ ಉಳಿಯಿತು. ಹಳೆಯದನ್ನು ವಾಪಸ್ ಹಾಕಿ, ಎದ್ದು ಹೋಗಿ ಕಾಫಿ ಕುಡಿದು ಮತ್ತೆ ಬಂದು ಕೂತೆ. ಇದು ಮನುಷ್ಯರೇ ಬರೆದದ್ದು, ಮನುಷ್ಯರಿಗೆ ತಿದ್ದಲು ಬಂದೇ ಬರುತ್ತದೆ ಎಂಬ ಹಟ ನನ್ನದು. ಕೊನೆಗೂ ಸಿಕ್ಕಿತು: ಬಿಲ್ಲು, ಲೇಬಲ್ ಎರಡೂ ಒಂದೇ ಕಡೆಯಿಂದ ತೂಕ ಕೇಳಿ ಪಡೆಯುತ್ತಿದ್ದವು. ಲೇಬಲ್ಲಿಗೆಂದೇ ಬೇರೆ ನಾಲ್ಕು ಸಾಲು ಬರೆದು, ನೂರಕ್ಕೆ ಐದರ ತೂಕ ಸೇರಿಸಿದೆ. ಮುಂದಿನ ಡಬ್ಬ ವಾಪಸ್ ಬರಲಿಲ್ಲ.

ಅದರ ಬದಲು ಗಿರಾಕಿಯ ಸಂದೇಶ ಬಂತು: 'ನೂರಕ್ಕೆ ಹಣ ಕೊಟ್ಟಿದ್ದೆ, ನೂರೈದು ಬಂದಿವೆ. ನಿಮ್ಮ ಎಣಿಕೆ ತಪ್ಪಿದೆ. ಹೆಚ್ಚಿನ ಐದಕ್ಕೆ ಎಷ್ಟು ಕಳಿಸಲಿ?'

ದೊಡ್ಡಮ್ಮನಿಗೆ ಓದಿ ಹೇಳಿದೆ.

"ಪಾಪ," ಅಂದಳು. "ಅವ್ರಿಗೆ ಯಾರೂ ಕೊಸರು ಹಾಕಿ ಕೊಟ್ಟೇ ಇಲ್ಲ ಕಾಣ್ತದೆ. ಮುಂದಿನ್ಸಲ ಹತ್ತು ಹಾಕ್ತೀನಿ."

"ಕೋಡಿನಲ್ಲಿ ಐದು ಅಂತ ಬರ್ದಿದೀನಿ ದೊಡ್ಡಮ್ಮ."

"ಹಂಗಾರೆ ತಿದ್ದು," ಅಂದು ಫೋನಿಟ್ಟಳು.

ನಾನು ತಿದ್ದಲು ಕೂತೆ.