ಡ್ರೆಸ್ಸಿಂಗ್ ಸಿಸ್ಟರ್ ಕಾಲಿನ ಗಾಯ

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದ ಸಿಸ್ಟರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ರೋಗಿ ಒಳಗೆ ಬಂದರೆ ಮೊದಲು ಗಾಯ ನೋಡುತ್ತಿರಲಿಲ್ಲ. ಹೊರಗಿನ ಬೆಂಚನ್ನು ಇಣುಕಿ ನೋಡುತ್ತಿದ್ದಳು. ಅಲ್ಲಿ ಚೀಲ ಹಿಡಿದು ಗೊಣಗುತ್ತ ಕೂತ ಅತ್ತಿಗೆಯೋ ಭಾವನೋ ಇದ್ದರೆ ಗಾಯ ಬೇಗ ಮಾಯುತ್ತದೆ. ಬೆಂಚು ಖಾಲಿಯಿದ್ದರೆ ಅದೇ ಔಷಧಿ, ಅದೇ ಪಟ್ಟಿ, ಆದರೂ ಎಳೆದಾಡುತ್ತದೆ. ಇದು ಅವಳ ಲೆಕ್ಕ. "ಇನ್ನೊಂದ್ಸಲ ಒಬ್ಬರೇ ಬಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ" ಎಂದು ಮೀಸೆ ಹೊತ್ತ ಗಂಡಸರನ್ನೂ ಗದರುತ್ತಿದ್ದಳು. ಡಾಕ್ಟರ್ ನಗುತ್ತಿದ್ದರು, ಆದರೆ ಅಲ್ಲಗಳೆಯುತ್ತಿರಲಿಲ್ಲ. ಚಿಂತೆಯಲ್ಲಿ ಬೇಯುವ ಮೈಗೆ ತನ್ನನ್ನು ರಿಪೇರಿ ಮಾಡಿಕೊಳ್ಳಲು ಪುರುಸೊತ್ತೆಲ್ಲಿ?

ಅಂಥವಳ ಮೊಣಕಾಲ ಕೆಳಗೆ ಮಂಚದ ಕಬ್ಬಿಣ ತರಚಿ ಐದು ವಾರವಾಗಿತ್ತು. ಸಕ್ಕರೆ ಕಾಯಿಲೆಯಿಲ್ಲ, ಏನಿಲ್ಲ, ಗಾಯ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಾರಣ ಗೊತ್ತಿದ್ದೂ ಅವಳು ಬಾಯಿ ಬಿಡಲಿಲ್ಲ. ಗಂಡ ಕಟ್ಟಡದಿಂದ ಬಿದ್ದು ಒಂಬತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ. ಡ್ಯೂಟಿಯ ನಡುವೆಯೂ ಎರಡೆರಡು ಗಂಟೆಗೊಮ್ಮೆ ಓಡಿಹೋಗಿ ಅವನ ಮಗ್ಗುಲು ಬದಲಿಸಿ ಬರಬೇಕು. ಮೊದಮೊದಲು ನಾದಿನಿ, ಪಕ್ಕದ ಮನೆಯವರು ಸಹಾಯಕ್ಕೆ ಬಂದಿದ್ದರು. "ನಿಮಗ್ಯಾಕೆ ತೊಂದರೆ, ನಾನು ನೋಡ್ಕೋತೀನಿ" ಎಂದು ಎಲ್ಲರನ್ನೂ ಸಾಗಹಾಕಿದಳು. ಜನ ನಂಬಿದರು, ಬರುವುದನ್ನೇ ಬಿಟ್ಟರು. ತಾನೇ ಒಳಗಿಂದ ಬೀಗ ಜಡಿದು ಕೀಲಿಕೈ ನುಂಗಿದ ಹಾಗಾಗಿತ್ತು.

"ಸೋಮವಾರದೊಳಗೆ ಸುಧಾರಿಸದಿದ್ರೆ ಅಡ್ಮಿಟ್ ಆಗ್ಲೇಬೇಕು. ಕೀವು ಮೂಳೆಗೆ ಇಳಿದ್ರೆ ಕಾಲೇ ಹೋಗುತ್ತೆ" ಎಂದರು ಡಾಕ್ಟರ್. "ಮನೇಲಿ ಯಜಮಾನರನ್ನ ನೋಡ್ಕೊಳ್ಳೋಕೆ ಜನ ಇದಾರೆ ತಾನೆ?"

"ಬೇಕಾದಷ್ಟು ಜನ ಇದಾರೆ ಸಾರ್."

ನೆಲ ಒರೆಸುತ್ತಿದ್ದ ಆಯಮ್ಮ ಕೈ ನಿಲ್ಲಿಸಿದಳು. ಡಾಕ್ಟರ್ ಅತ್ತ ಹೋದದ್ದೇ ತಡ, "ಸುಳ್ಳಿಗೂ ಒಂದು ಮಿತಿ ಬೇಡ್ವಾ ಸಿಸ್ಟರ್? ಸಂಜೆ ನಾನು ಬರ್ತೀನಿ" ಎಂದಳು.

"ಬೇಡ ಆಯಮ್ಮ, ನಾನೇ..."

"ನಾನು ನಿಮ್ಮನ್ನ ಕೇಳ್ಲಿಲ್ಲ, ಹೇಳ್ದೆ ಅಷ್ಟೇ."

ಸಂಜೆ ಬಂದೇಬಿಟ್ಟಳು. ಸಿಸ್ಟರ್ ಚಹಾಕ್ಕೆ ನೀರಿಡುತ್ತಿದ್ದಾಗ ಗಂಡನ ದನಿ ಅಡುಗೆಮನೆಗೆ ಕೇಳಿಸಿತು.

"ಅವಳು ಕುಂಟ್ತಿರೋದು ಮೊದಲ ದಿನವೇ ಗೊತ್ತಾಯ್ತು ಆಯಮ್ಮ. ಮಲಗಿದವನಿಗೆ ಕಿವಿ ಬಿಟ್ಟು ಇನ್ನೇನಿದೆ? ಕೇಳಿದ್ರೆ ಆಸ್ಪತ್ರೆ ಸೇರಿಬಿಡ್ತಾಳೆ, ನನ್ನ ಯಾರು ನೋಡ್ತಾರೆ ಅಂತ ಹೆದರಿ ಸುಮ್ನಿದ್ದೆ."

ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ಐದು ವಾರ! ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಗಂಡ ಮುಖವನ್ನು ಗೋಡೆಗೆ ತಿರುಗಿಸಿದ. ಬೈಯಲು ಬಾಯಿ ತೆರೆದವಳಿಗೆ, ಐದು ವಾರ ತಾನು ಬಾಯಿ ಬಿಡದಿದ್ದದ್ದೂ ಅದೇ ಹೆದರಿಕೆಗೆ ಎಂಬುದು ಹೊಳೆದು, ಬೈಗುಳದ ಬದಲು ಅಳು ಬಂತು. ಕುರ್ಚಿ ಎಳೆದು ಕೂತು ಕಾಲು ಚಾಚಿದಳು.

"ಮಗ್ಗುಲು ಬದಲಿಸೋ ಹೊತ್ತಾಯ್ತು ಆಯಮ್ಮ" ಎಂದಳು. "ನನ್ನ ಕೈಲಿ ಆಗಲ್ಲ."