ಖಾಲಿ ಗ್ವಾದಲಿ

ಕಾನ್ವೆಂಟಿನಲ್ಲಿ ಓದಿದವಳು ಎಂದ ಕೂಡಲೇ ಜನ ನನ್ನ ಇಂಗ್ಲಿಷಿನ ಬಗ್ಗೆ ಒಂದಿಷ್ಟು ಗೌರವ ಇಟ್ಟುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಅಲ್ಲಿದ್ದ ಆರು ವರ್ಷಗಳಲ್ಲಿ ನಾನು ತಪ್ಪಿಲ್ಲದೆ ಕಲಿತದ್ದು ಹುಲ್ಲು ಹಾಸುವುದೊಂದನ್ನೇ.

ಡಿಸೆಂಬರ್ ಬಂತೆಂದರೆ ಗುಲಬರ್ಗಾದ ನಮ್ಮ ಹಾಸ್ಟೆಲಿನ ಪಡಸಾಲೆಯ ಮೂಲೆಯಲ್ಲಿ ಸಿಸ್ಟರು ಒಂದು ದನದ ಕೊಟ್ಟಿಗೆ ಕಟ್ಟಿಸುತ್ತಿದ್ದರು. ಗೋಣಿಚೀಲದ ಗುಡ್ಡ, ರಟ್ಟಿನ ಮಾಡು, ಮಣ್ಣಿನ ಕತ್ತೆ, ಒಂದು ಕಿವಿ ಮುರಿದ ಎತ್ತು. ನಡುವೆ ಮೇವು ಹಾಕುವ ಪುಟ್ಟ ಗ್ವಾದಲಿ. ಆಳಂದದ ಒಕ್ಕಲುತನದ ಮನೆಯ ಹುಡುಗಿಗೆ ಮೇವಿನ ವಿಷಯ ಗೊತ್ತಿರಲೇಬೇಕೆಂದು, ಅದರಲ್ಲಿ ಹುಲ್ಲು ಹಾಸುವ ಕೆಲಸ ಪ್ರತಿವರ್ಷ ನನ್ನದು. ಬಾಲಯೇಸುವಿನ ಗೊಂಬೆ ಮಾತ್ರ ಸಿಸ್ಟರ ಕಪಾಟಿನಲ್ಲಿ, ಹತ್ತಿಯಲ್ಲಿ ಸುತ್ತಿ ಇಟ್ಟಿರುತ್ತಿತ್ತು. ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿಯೇ ಅದು ಹೊರಗೆ ಬರಬೇಕು, ಅದಕ್ಕೆ ಮೊದಲು ಬರುವಂತಿಲ್ಲ. ನಮಗೋ ಅದಕ್ಕೂ ಹಿಂದಿನ ದಿನವೇ ರಜೆ. ಅಪ್ಪ ಬಂದು ಟ್ರಂಕು ಎತ್ತಿ ಬಸ್ಸಿನ ಮೇಲೆ ಹಾಕಿಸುತ್ತಿದ್ದರು. ಊರಲ್ಲಿ ಎಳ್ಳಾಮಾಸಿ ಹಬ್ಬ ಮುಗಿಸಿಕೊಂಡು, ನಾಲ್ಕು ದಿನ ತಡ ಮಾಡಿ ನಾನು ತಿರುಗಿ ಬರುವಷ್ಟರಲ್ಲಿ ಗುಡ್ಡ, ಕತ್ತೆ, ಎತ್ತು ಎಲ್ಲ ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿರುತ್ತಿದ್ದವು. ಹೀಗೆ ಆರು ಸಲ ಹಾಸಿಗೆ ಹಾಸಿದೆ, ಒಂದು ಸಲವೂ ಮಲಗುವವನನ್ನು ನೋಡಲಿಲ್ಲ.

ದೇವರು ಮನುಷ್ಯರ ನಡುವೆ ಇರಲಿಕ್ಕೆ ಭೂಮಿಗೆ ಬಂದ ಎಂದು ಸಿಸ್ಟರು ಹೇಳುತ್ತಿದ್ದರು. ನಾನು ಆಗಲೇ ಸ್ವಲ್ಪ ತಲೆಹರಟೆ. "ಸಿಸ್ಟರ್, ಎಲ್ಲಾ ಕಡೆ ಇರೋ ದೇವರು ಮತ್ತೆ ಬರೋದೆಲ್ಲಿಂದ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮ ಅವ್ವ ಆಳಂದದಲ್ಲಿ ಕೂತು ದಿನಾ ನಿನ್ನನ್ನು ನೆನೆಯುತ್ತಾರೆ. ಆದರೂ ಭಾನುವಾರ ಅವರು ಹೋಳಿಗೆ ಗಂಟು ಹಿಡಿದು ಗೇಟಿನ ಹತ್ತಿರ ನಿಂತರೆ ನೀನು ಯಾಕೆ ಓಡ್ತೀ?" ಎಂದರು. ನನ್ನ ಮನಸ್ಸು ಹೋಳಿಗೆಗೆ ಹೋಯಿತು. ಉತ್ತರ ಪೂರ್ತಿ ಅರ್ಥವಾಗದೆ ಉಳಿಯಿತು.

ಮದುವೆಯಾಗಿ ಗೊಬ್ಬೂರಿಗೆ ಬಂದೆ. ಇಲ್ಲಿ ದೇವರು ಇರುವುದು ಅತ್ತೆಯ ಕೊರಳಲ್ಲಿ, ಕೆಂಪು ಅರಿವೆಯಲ್ಲಿ ಕಟ್ಟಿದ ಇಷ್ಟಲಿಂಗವಾಗಿ. ರೊಟ್ಟಿ ಬಡಿಯಲು ಕೂತರೆ ಅದನ್ನು ಸೆರಗಿನೊಳಗೆ ಸೇರಿಸಿ, "ಒಳಗ ಕೂಡಪ್ಪಾ, ಒಲಿ ಝಳ ಹತ್ತತದ" ಎನ್ನುತ್ತಿದ್ದರು. ನನ್ನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ದೇವರ ಜಗಲಿಯ ಮೇಲಿರುತ್ತಿತ್ತು. ಸ್ನಾನವಾದ ಮೇಲೆ ಐದು ನಿಮಿಷದ ಭೇಟಿ. ದೇವರಿಗೂ ನನಗೂ ಅಷ್ಟರ ಮಟ್ಟಿಗೆ ಸಲಿಗೆ.

ಲಿಂಗ ಕಟ್ಟಿಕೊಳ್ಳುವ ಅತ್ತೆಯ ಶಿವದಾರ ಸವೆದಿತ್ತು. ಇಂಥ ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೇಗ ಬೀಳುತ್ತದೆ, ಕೈಗೆ ಮಾತ್ರ ಬರುವುದಿಲ್ಲ. "ಅಫಜಲಪುರ ಸಂತಿಗಿ ಹೊಂಟೀದಿ, ಒಂದ್ ಶಿವದಾರ ತೊಗೊಂಬಾ ತಂಗಿ" ಎಂದು ಅವರೇ ಹೇಳಿದ್ದರು. ನಾನು ಎರಡು ಜಂಪರ್ ಪೀಸು, ಒಂದು ಡಜನ್ ತಲೆಪಿನ್ನು ತಂದೆ. ದಾರ ಮರೆತೆ.

ಎರಡು ದಿನಕ್ಕೆ, ಬೇಸಿಗೆಯ ಒಂದು ಮುಂಜಾನೆ, ಸ್ನಾನಕ್ಕೆ ಹೋದ ಅತ್ತೆ ಬಚ್ಚಲಿನಿಂದ ಕೂಗಿದರು. ಕೊರಳಲ್ಲಿ ಲಿಂಗ ಇರಲಿಲ್ಲ.

ಲಿಂಗ ಕಳೆದರೆ ಸಿಗುವತನಕ ಬಾಯಿಗೆ ಏನೂ ಮುಟ್ಟಿಸಬಾರದು, ನೀರನ್ನೂ. ಅದು ಅವರ ಹಿರಿಯರಿಂದ ಬಂದ ಕಟ್ಟು. ಇಲ್ಲವೇ ಮನೆಯ ಗುರುಗಳಾದ ಅಯ್ನೋರು ಬಂದು ಹೊಸದು ಕಟ್ಟಬೇಕು. ನಮ್ಮೆಜಮಾನರು ಸೈಕಲ್ ಹತ್ತಿ ಹೋದವರು ಸಪ್ಪೆ ಮುಖ ಮಾಡಿಕೊಂಡು ಬಂದರು. ಅಯ್ನೋರು ಅಂದೋಲಾಕ್ಕೆ ಹೋಗಿದ್ದಾರೆ, ಬರುವುದು ನಾಳಿದ್ದು. ಅತ್ತೆಗೆ ಎಪ್ಪತ್ತರ ಹತ್ತಿರ. ಹಿಂದಿನ ಸಂಜೆಯಿಂದ ಹೊಟ್ಟೆಯಲ್ಲಿ ಏನೂ ಇಲ್ಲ. ನಾಳಿದ್ದಿನವರೆಗೆ ಈ ಬಿಸಿಲಲ್ಲಿ ಉಳಿಯುತ್ತಾರೆಯೇ?

ಹುಡುಕಿದೆವು. ಬಚ್ಚಲ ಕಲ್ಲಿನ ಕೆಳಗೆ, ಒಲೆಯ ಬೂದಿಯಲ್ಲಿ, ಹಿಟ್ಟಿನ ಡಬ್ಬಿಯಲ್ಲಿ, ಕೌದಿಯ ಮಡಿಕೆಗಳಲ್ಲಿ. ಮಗ್ಗುಲ ಮನೆಯ ಶರಣಮ್ಮಕ್ಕನೂ ಬಂದು ಸೇರಿಕೊಂಡರು. ಮಧ್ಯಾಹ್ನ ಮೂರರ ಹೊತ್ತಿಗೆ ಅತ್ತೆಯ ತುಟಿ ಒಣಗಿ ಬಿಳಿ ಗೆರೆ ಮೂಡಿತ್ತು, ದನಿ ಇಳಿದಿತ್ತು. ನನಗೆ ತಡೆಯಲಾಗಲಿಲ್ಲ. ಹಾಸ್ಟೆಲಿನ ನನ್ನ ಹಳೇ ಪ್ರಶ್ನೆಯನ್ನೇ ಉಪದೇಶ ಮಾಡಿ ಹೇಳಿದೆ:

"ಅತ್ತಿ, ದೇವ್ರು ಎಲ್ಲಾ ಕಡಿ ಅದಾನ್ರಿ. ಒಂದ್ ಗುಟುಕ್ ನೀರ್ ಕುಡೀರಿ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಎಲ್ಲಾ ಕಡಿ ಇರಾಂವ ಎಲ್ಲಾರಿಗೂ ಅದಾನ ಬೇ. ನನ್ ಕೂಡ ಇರಾಂವ ಎಲ್ಲಿ ಹೋದ, ಅದನ್ ಹೇಳು."

ಗೇಟಿನ ಹತ್ತಿರ ಗಂಟು ಹಿಡಿದು ನಿಂತ ಅವ್ವ ನೆನಪಾದಳು. ನಾನು ನೀರಿನ ತಂಬಿಗೆ ಕೆಳಗಿಟ್ಟೆ. ಇವರನ್ನು ಒಪ್ಪಿಸುವುದಕ್ಕಿಂತ ಹುಡುಕುವುದೇ ಮೇಲು ಎನಿಸಿತು.

"ಅತ್ತಿ, ಎದ್ದಾಗಿಂದ ಏನೇನ್ ಮಾಡಿದ್ರಿ, ಒಂದೊಂದೇ ಹೇಳ್ರಿ."

"ಏನ್ ಮಾಡ್ತೀನಿ? ಎದ್ದೆ, ಕಸಾ ಹೊಡದೆ. ಆಕಳ ಈದು ನಾಕ್ ದಿನ ಆಗ್ಯಾವಲ್ಲ, ಅದಕ್ಕ ಕಣಕಿ ಕಡದು, ಹೊಟ್ಟು ಕಲಸಿ ಹಾಕಿದೆ. ಆಮ್ಯಾಲ ಬಚ್ಚಲಕ ಹೋದೆ."

ಶರಣಮ್ಮಕ್ಕ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯ ಶಿವನ! ಆಕಳ ನುಂಗೇತೇನು? ಹಂಗಾದ್ರ ನೀ ಆಕಳನ್ನೇ ಕೊರಳಾಗ ಕಟಗೋಬೇಕಾಗ್ತದ ನೋಡವ್ವ!"

ಅಂಥ ಹೊತ್ತಿನಲ್ಲೂ ಅತ್ತೆಗೆ ನಗು ಬಂತು. ನಾನು ನಗುವುದಕ್ಕೆ ನಿಲ್ಲದೆ ಕೊಟ್ಟಿಗೆಗೆ ಓಡಿದೆ.

ಆಕಳನ್ನು ಆಗಲೇ ಬೇವಿನ ನೆರಳಿಗೆ ಕಟ್ಟಿದ್ದರು. ಬಾಯಿಗೆ ರುಚಿಯಾದದ್ದನ್ನು ಆರಿಸಿ ತಿಂದು, ಜೋಳದ ದಂಟಿನ ಗಟ್ಟಿ ತುಂಡುಗಳನ್ನು ಗ್ವಾದಲಿಯಲ್ಲಿ ಬಿಟ್ಟಿತ್ತು. ಮಂಡಿಯೂರಿ ಕೂತು ಎರಡೂ ಕೈಯಿಂದ ಸರಿಸುತ್ತಾ ಹೋದೆ. ತಳದಲ್ಲಿ, ಮೂಲೆಯಲ್ಲಿ, ಒಂದು ಕೆಂಪು ಅರಿವೆ. ಆಕಳ ಜೊಲ್ಲಿನಿಂದ ತೊಯ್ದು, ದಾರದ ತುದಿ ಅಗಿಸಿಕೊಂಡು, ಹುಲ್ಲಿನ ನಡುವೆ ಕೂಸಿನ ಹಾಗೆ ಮಲಗಿತ್ತು. ಬಿಚ್ಚಿ ನೋಡಿದೆ. ಲಿಂಗಕ್ಕೆ ಏನೂ ಆಗಿರಲಿಲ್ಲ.

ಆರು ವರ್ಷ ನಾನು ನೋಡದೇ ಬಸ್ಸು ಹತ್ತಿದ್ದನ್ನು ಹೀಗೆ ಗೊಬ್ಬೂರಿನ ಕೊಟ್ಟಿಗೆಯಲ್ಲಿ, ಸುಡುವ ಬೇಸಿಗೆಯ ಮಧ್ಯಾಹ್ನ ನೋಡಿದೆ. ತಕ್ಷಣ ಎದ್ದು ಹೋಗಬೇಕಾದವಳು ಒಂದು ನಿಮಿಷ ಅಲ್ಲೇ ಕೂತಿದ್ದೆ.

ಹೊಸ ಜಂಪರ್ ಪೀಸಿನ ಹೂವಿನ ಅಂಚು ಹರಿದು ದಾರ ಮಾಡಿದೆ. ಅತ್ತೆ ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಂಡು, ಆ ಪೂಜೆಯ ನೀರನ್ನೇ ಮೊದಲು ಕುಡಿದರು. ಆಮೇಲೆ ಒಂದು ತಂಬಿಗೆ ನೀರು ಒಂದೇ ಉಸಿರಿಗೆ. ಉಸಿರು ತಿರುಗಿದ ಮೇಲೆ ಕೇಳಿದರು, "ಸಿಕ್ಕ ಮ್ಯಾಲೂ ಅಲ್ಲಿ ಯಾಕ ಕುಂತಿದ್ದಿ?"

ಹಾಸ್ಟೆಲಿನ ಕತೆ ಹೇಳಿದೆ. ಕತ್ತೆ, ಮುರಿದ ಕಿವಿ, ಕಪಾಟು, ರಜೆ ಎಲ್ಲ.

"ಅವ್ರ ದೇವ್ರೂ ಗ್ವಾದಲ್ಯಾಗೇ ಬಂದ್ನೇನು?"

"ಹೌದ್ರಿ ಅತ್ತಿ."

ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಮತ್ತೆಲ್ಲಿ ಬರಬೇಕು? ಗುಡೀಗಿ ಜನ ಹೋದ್ರ ಹೋಗ್ತಾರ, ಬಿಟ್ರ ಬಿಡ್ತಾರ. ದನಕ್ಕ ಮೇವು ಹಾಕಾಕ ದಿನಾ ಯಾರರೇ ಬಂದೇ ಬರ್ತಾರ. ಸಿಗಬೇಕನ್ನಾಂವ ಅಲ್ಲೇ ಇರ್ತಾನ." ಇಷ್ಟು ಹೇಳಿ, ಕೊರಳಿನ ಹೂವಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ದಾರಕ್ಕಿಂತ ಇದೇ ಚಲೋ ಕಾಣ್ತದ. ಆದ್ರೂ ಮುಂದಿನ ಸಂತ್ಯಾಗ ಮರೀಬ್ಯಾಡ."

ಮರೆಯಲಿಲ್ಲ. ಮುಂದಿನ ವಾರ ಅಫಜಲಪುರದಲ್ಲಿ ಬಸ್ಸಿಳಿದು ಮೊದಲು ಕೊಂಡದ್ದೇ ಶಿವದಾರ. ಎರಡು ಕೊಂಡೆ. ಒಂದು ಅತ್ತೆಗೆ, ಇನ್ನೊಂದು ಜಗಲಿಯ ಮೇಲೆ ನನ್ನ ಐದು ನಿಮಿಷಕ್ಕಾಗಿ ಕಾದು ಕೂತವನಿಗೆ. ನಮ್ಮ ನಡುವೆ ಬಂದು ಇರುವುದು ಅವನ ಕೆಲಸ, ಅದನ್ನು ಅವನು ಮಾಡಿಯಾಗಿದೆ. ದಾರ ಸವೆದಿದೆಯೇ ಎಂದು ಆಗಾಗ ನೋಡಿಕೊಳ್ಳುವುದಷ್ಟೇ ನಮ್ಮದು.