ಏಳನೇ ಪಾಠದ ಕೆಳಗೆ

ನನ್ನದೇ ಅಕ್ಷರ ನೋಡಿ ನಾನು ಹೆದರಿದ್ದು ಮೊನ್ನೆ ರವಿವಾರ, ಮಟಮಟ ಮಧ್ಯಾಹ್ನ.

ಮರಾಠಿ ಗಡಿಯ ಸಂಖ ಊರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಜನ ಅಜ್ಜಂದಿರ ಕಾಲದ ಹೊಲದ ಕಾಗದ ತರುತ್ತಾರೆ. ಎಲ್ಲ ಮೋಡಿ ಲಿಪಿ, ಮರಾಠಿಯ ಹಳೆ ಕೈಬರಹ. ತಂದವರಿಗೂ ಓದಲು ಬರುವುದಿಲ್ಲ, ಕಾಪಿ ತೆಗೆಯುವ ನನಗೂ ಬರುವುದಿಲ್ಲ. (ಕನ್ನಡದಲ್ಲಿ ಮೋಡಿ ಅಂದರೆ ಮಾಟ. ಹೆಸರು ಸುಮ್ಮನೆ ಬಂದಿಲ್ಲ ಅನಿಸುತ್ತದೆ.) ನಮ್ಮ ಮನೆಯಲ್ಲೂ ಅಜ್ಜ ಬರೆದ ಅಂಥದೊಂದು ಪತ್ರವಿದೆ. ಅದನ್ನು ನಾನೇ ಓದಬೇಕು ಅನ್ನುವುದು ನನ್ನ ಹಟ.

ಅದಕ್ಕೇ ಜತ್ತ ಪೇಟೆಯಿಂದ ಮೋಡಿ ಕಲಿಸುವ ಪುಸ್ತಕ ತಂದೆ. ಮೊದಲ ಪುಟದಲ್ಲಿ ಬರೆದೆ: ‘ಇಂದಿನಿಂದ ದಿನಾ ಅರ್ಧ ತಾಸು. ಬಿಡಬಾರದು.’ ಬಿಜಿ ಮನುಷ್ಯನ ಶಪಥಗಳೆಲ್ಲ ಅರ್ಧ ತಾಸಿನವೇ ಅಲ್ಲವೇ?

ಪತ್ರ ತೆಗೆಯಲು ಟ್ರಂಕ್ ತೆರೆದೆ. ಪತ್ರದ ಕೆಳಗೆ ಅದೇ ಪುಸ್ತಕದ ಇನ್ನೊಂದು, ಹಳೆಯ ಪ್ರತಿ. ಮೊದಲ ಪುಟದಲ್ಲಿ ಅದೇ ಸಾಲು: ‘ಇಂದಿನಿಂದ ದಿನಾ ಅರ್ಧ ತಾಸು. ಬಿಡಬಾರದು.’

ಅಕ್ಷರ ನನ್ನದು. ಏಳು ಪಾಠ ತಿದ್ದಿಯೂ ಇದ್ದೆ. ಒಂದೂ ನೆನಪಿಲ್ಲ. ನನ್ನ ಮನೆಯಲ್ಲಿ, ನನ್ನ ಕೈಯಲ್ಲಿ ಇದನ್ನು ಬರೆದವನು ಯಾರು?

ಹೆಂಡತಿಯನ್ನು ಕೇಳಿದೆ. ರೊಟ್ಟಿ ಬಡಿಯುತ್ತಲೇ ಹೇಳಿದಳು. ಒಂದು ವಾರ ಕೂತಿದ್ದೆನಂತೆ. ಆಮೇಲೆ ಅಂಗಡಿಗೆ ಹೊಸ ಮಷಿನ್ ಬಂತಂತೆ, ನಾಳೆ ನಾಳೆ ಅಂದೆನಂತೆ.

“ಆವಾಗ ಕೇಳಾಕ ಮಾವಾರು ಇದ್ರು. ದಿನಾ ನಿಮ್ಮ ಬಾಜೂಕ ಬಂದು ಕುಂದರ್ತಿದ್ರು,” ಅಂದಳು.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅದು ಅವರ ಅಪ್ಪನ ಪತ್ರ. ನನ್ನ ಬಾಯಿಂದ ಅದನ್ನು ಕೇಳಬೇಕೆಂದು ಅಪ್ಪ ಕಾದಿದ್ದು ಆಗ ನೆನಪಾಯಿತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಹಳೆ ಪುಸ್ತಕ ಮತ್ತೆ ತೆರೆದೆ. ಏಳನೇ ಪಾಠದ ಕೆಳಗೆ, ಓರೆಕೋರೆಯಾಗಿ, ಅಪ್ಪನ ಅಕ್ಷರ ಇತ್ತು. ಒಂದೇ ಪದ.

‘ಮುಂದ?’

ಯಾವಾಗ ಬರೆದರೋ ತಿಳಿಯದು. (ಬದುಕಿದ್ದಾಗಲೇ ಇರಬೇಕು. ಮತ್ತಿನ್ನು ಯಾವಾಗ ಬರೆದಾರು?)

ಹೊಸ ಪುಸ್ತಕ ಬದಿಗಿಟ್ಟು ಹಳೆಯದರಲ್ಲೇ ಎಂಟನೇ ಪಾಠಕ್ಕೆ ಕೂತಿದ್ದೇನೆ. ನನ್ನ ಪಕ್ಕದಲ್ಲಿ ಅಪ್ಪ ಕೂರುತ್ತಿದ್ದ ಆ ಬಾಜೂ ಕುರ್ಚಿ ಖಾಲಿ ಇದೆ. ಅದನ್ನು ಸರಿಸುವ ಧೈರ್ಯ ಇನ್ನೂ ಬಂದಿಲ್ಲ.

ನೀವೂ ಒಮ್ಮೆ ತಿರುಗಿ ನೋಡಿ, ನಿಮ್ಮ ಅರ್ಧ ತಾಸಿಗಾಗಿ ಬಾಜೂಕ ಕೂತು ಕಾಯುತ್ತಿರುವವರು ಯಾರು?